ಕಾರ್ಯದರ್ಶಿಗಳ ಆರನೇ ಕಲಮು

ಹಳೇ ಇಂಟರ್ನೆಟ್ ಕಂಪನಿಯವರು ಕಾರ್ಯದರ್ಶಿಗಳಿಗೆ ಇನ್ನೂ ಹದಿನೇಳು ದಿನ ಬಾಕಿ ಉಳಿಸಿಕೊಂಡಿದ್ದಾರೆ. ದುಡ್ಡಲ್ಲ, ದಿನ! ಹದಿಮೂರನೇ ತಾರೀಖು ಮನೆ ಬದಲಾಯಿಸುತ್ತಿದ್ದೇವೆ, ಹೊಸ ಮನೆಗೆ ವೈರ್ ಎಳೆಯಿರಿ ಎಂದರೆ, "ಆ ಬೀದಿಗೆ ನಮ್ಮ ಲೈನ್ ಇಲ್ಲ ಸಾರ್, ಉಳಿದ ದಿನ ನೀವಾಗೇ ಬಿಟ್ಟು ಹೋಗ್ತಿರೋದು" ಎಂದು ಫೋನಿಟ್ಟರು. ತಿಂಗಳು ಪೂರ್ತಿ ಕಟ್ಟಿಸಿಕೊಂಡು ಹದಿನೇಳು ದಿನ ನುಂಗಿ ನೀರು ಕುಡಿದರು.

ನುಂಗಿದ್ದು ಯಾರ ದಿನಗಳನ್ನು ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಕಾರ್ಯದರ್ಶಿಗಳು ಎಂದರೆ ಸರಕಾರದ ಕಾರ್ಯದರ್ಶಿಗಳಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಇಪ್ಪತ್ತೆಂಟು ವರ್ಷ ನೌಕರರ ಸಂಘದ ಕಾರ್ಯದರ್ಶಿ. ನಿವೃತ್ತಿಯಾಗಿ ಮೂರು ವರ್ಷವಾದರೂ ಆ ಹೆಸರು ಉಗುರಿನ ಗ್ರೀಸಿನ ಹಾಗೆ, ಎಷ್ಟು ತಿಕ್ಕಿದರೂ ಹೋಗಿಲ್ಲ. ಹೆಂಡತಿಯೂ ಕೋಪ ಬಂದಾಗ ಹಾಗೇ ಕರೆಯುತ್ತಾಳೆ. ದಿನಕ್ಕೆ ನಾಲ್ಕು ಸಲವಾದರೂ ಕರೆಯುತ್ತಾಳೆ.

ಹೊಸ ಮನೆಯಲ್ಲಿ ಪೆಟ್ಟಿಗೆಗಳಿನ್ನೂ ಬಿಚ್ಚಿರಲಿಲ್ಲ. 'ಅಡುಗೆಮನೆ, ಒಡೆಯುವಂಥದ್ದು' ಎಂದು ಬರೆದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಕ್ಕರಿಸಿ ಕಾರ್ಯದರ್ಶಿಗಳು ಘೋಷಿಸಿದರು:

"ಈ ಗೋಡೆಗೆ ತೂತು ಹೊಡೆಯೋ ಕಂಪನಿ ಮೊದಲು ನನ್ನ ಕರಾರಿಗೆ ಸಹಿ ಹೊಡೀಬೇಕು! ನಲವತ್ತೆರಡು ದಿನ ಊರಿನ ಬಸ್ಸೆಲ್ಲ ನಿಲ್ಲಿಸಿದವನು ನಾನು. ಈ ವೈರ್ ಎಳೆಯೋರು ಯಾವ ಲೆಕ್ಕ?"

"ನಿಲ್ಲಿಸೋದು ನಿಮಗೆ ಚೆನ್ನಾಗಿ ಬರುತ್ತೆ ಬಿಡಿ" ಎಂದಳು ಹೆಂಡತಿ. "ಇದು ಓಡಬೇಕು ರೀ, ಓಡಬೇಕು! ಸೋಮವಾರ ಹನ್ನೊಂದು ಗಂಟೆಗೆ."

ಸೋಮವಾರ ಹನ್ನೊಂದು ಗಂಟೆ ಆಕೆಯ ಪಾಲಿಗೆ ಸಣ್ಣ ವಿಷಯವಲ್ಲ. ಆಕೆ ದರ್ಜಿ. ಹಳೇ ಮನೆಯಲ್ಲಿ ಬೀದಿಗೆ ತೆರೆದ ಮುಂದಿನ ಕೋಣೆಯೇ ಹತ್ತೊಂಬತ್ತು ವರ್ಷ ಅಂಗಡಿಯಾಗಿತ್ತು. ಹೊಸ ಮನೆ ಮೊದಲನೇ ಮಹಡಿಯಲ್ಲಿ. ಬೀದಿಗೆ ಬೋರ್ಡು ಹಾಕಿದರೆ ಕಾಗೆ ಮಾತ್ರ ಓದಬೇಕು. ಹೀಗಾಗಿ ಇನ್ನು ಮುಂದೆ ಹೊಲಿಗೆಯನ್ನು ಇಂಟರ್ನೆಟ್ಟಿನಲ್ಲೇ ಕಲಿಸುವುದೆಂದು ತೀರ್ಮಾನಿಸಿದ್ದಳು. ಊರಿನ ಮೂಲೆಮೂಲೆಯಿಂದ ಹನ್ನೊಂದು ಜನ ಹೆಂಗಸರು ಸೇರಿಕೊಂಡಿದ್ದರು. ಮೊದಲ ಪಾಠ, ಆರು ವರ್ಷದ ಮಗುವಿನ ಅಂಗಿ. ಅದು ನೆಟ್ಟಗಾದರೆ ಆಕೆಗೊಂದು ಕಸುಬು ಉಳಿಯಿತು. ಕೆಟ್ಟರೆ ಗಂಡನ ಭಾಷಣ ಕೇಳಿಕೊಂಡು ಮನೆಯಲ್ಲಿ ಬಿದ್ದಿರುವುದು. ಎರಡನೆಯದನ್ನು ನೆನೆಸಿಕೊಂಡರೇ ಆಕೆಗೆ ಮೈ ಬೆವರುತ್ತಿತ್ತು.

ಕಾರ್ಯದರ್ಶಿಗಳು ಹದಿನಾಲ್ಕು ಅಂಶಗಳ ಬೇಡಿಕೆ ಪಟ್ಟಿ ತಯಾರಿಸಿ, ಮೂರು ಕಂಪನಿಗಳನ್ನು ಮಾತುಕತೆಗೆ ಆಹ್ವಾನಿಸಿದರು. ಮಾತುಕತೆಗೆ ಅವರದೊಂದು ಸಮವಸ್ತ್ರವಿತ್ತು: ತೋಳುದ್ದದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಥವು ಏಳಿದ್ದವು, ವಾರಕ್ಕೆ ಏಳು. ಸಂಧಾನ ಯಾವ ದಿನ ಬೇಕಾದರೂ ಬರಬಹುದಲ್ಲ!

ಮೊದಲು ಬಂದವನು ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡ ತೆಳ್ಳನೆಯ ಮನುಷ್ಯ. ಮೂರನೇ ಬೇಡಿಕೆಗೆ ಬರುವಷ್ಟರಲ್ಲಿ ಕೆಳಗಿಟ್ಟಿದ್ದ ಬ್ಯಾಗು ಮತ್ತೆ ಹೆಗಲಿಗೇರಿತು.

"ವೈರ್ ಎಳೆಯೋನು ಕಂಪನಿಯ ಕಾಯಂ ನೌಕರ ಆಗಿರಬೇಕು ಅಂದ್ರೆ ಹೇಗೆ ಸಾರ್? ನಾನೇ ಕಾಯಂ ಅಲ್ಲ!"

"ಹಾಗಾದ್ರೆ ಕೂತ್ಕೊಳ್ಳಯ್ಯಾ, ಮೊದಲು ನಿನ್ನ ಕೇಸೇ ತಗೊಳ್ಳೋಣ!"

ಅವನು ಕೂರಲಿಲ್ಲ. ಮೆಟ್ಟಿಲಿಳಿಯುವ ಸದ್ದಷ್ಟೇ ಕೇಳಿಸಿತು.

ಎರಡನೆಯವಳು ಟೀವಿಯನ್ನೂ ಸೇರಿಸಿ ಕೊಡುವ ಕಂಪನಿಯವಳು. ಬಣ್ಣದ ಕಾಗದ ಹರಡಿ ಮುನ್ನೂರ ನಲವತ್ತು ಚಾನೆಲ್ ಎಂದಳು.

"ಮುನ್ನೂರ ನಲವತ್ತು ಯಾಕಮ್ಮಾ? ನಮ್ಮಿಬ್ಬರಿಗೂ ಸೇರಿ ಇರೋದೇ ನಾಲ್ಕು ಕಣ್ಣು. ಅದರಲ್ಲಿ ಒಂದಕ್ಕೆ ಪೊರೆ ಬಂದಿದೆ."

"ಮಕ್ಕಳ ಚಾನೆಲ್ಲೇ ಇಪ್ಪತ್ತಾರಿದೆ ಅಂಕಲ್!"

"ಮಕ್ಕಳು?" ಹೆಂಡತಿ ಪೆಟ್ಟಿಗೆಯ ಹಿಂದಿನಿಂದ ತಲೆಯೆತ್ತಿದಳು. "ಇವರೊಬ್ಬರೇ. ಇವರು ಕಾರ್ಟೂನ್ ನೋಡೋದಿಲ್ಲ ಕಣಮ್ಮ, ಮಾಡ್ತಾರೆ."

ಮೂರನೆಯವನು ಟೈ ಕಟ್ಟಿದ್ದ. ದುಂಡನೆಯ ಮುಖ, ಬೆವರೊರೆಸಲು ಎರಡು ಕರವಸ್ತ್ರ. ಹದಿನಾಲ್ಕು ಬೇಡಿಕೆಗೂ ತಲೆಯಾಡಿಸಿದ. ಏಣಿ ಹತ್ತುವವನಿಗೆ ಟೀ ಬಿಡುವು? ಆಯ್ತು ಸಾರ್. ದೂರು ಕೊಟ್ಟರೆ ಯಂತ್ರ ಮಾತಾಡಬಾರದು, ಮನುಷ್ಯ ಮಾತಾಡಬೇಕು? ನಾನೇ ಮಾತಾಡ್ತೀನಿ ಸಾರ್. ಟೀವಿ, ಇಂಟರ್ನೆಟ್ಟು ಒಂದೇ ವೈರಿನಲ್ಲಿ? ಧಾರಾಳವಾಗಿ ಸಾರ್. ಆಡಳಿತ ಮಂಡಳಿ ಇಷ್ಟು ಸುಲಭವಾಗಿ ಬಗ್ಗಿದ್ದನ್ನು ಕಾರ್ಯದರ್ಶಿಗಳು ಜನ್ಮದಲ್ಲಿ ಕಂಡಿರಲಿಲ್ಲ. ಎದುರಾಳಿ ಜಗಳವಾಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಹೇಗಾದರೂ ಒಂದು ತಪ್ಪು ಹುಡುಕಲೇಬೇಕೆಂದು ಕರಾರು ಪತ್ರವನ್ನು ಕಣ್ಣಿಗೆ ಹಿಡಿದರು. ಆರನೇ ಕಲಮಿನಲ್ಲಿ ಸಿಕ್ಕಿತು!

"ಇದೇನಿದು? ಇಡೀ ಪತ್ರ ಕನ್ನಡದಲ್ಲಿ, ಇದೊಂದು ಮಾತ್ರ 'ಅನ್‌ಲಿಮಿಟೆಡ್'? ಕನ್ನಡದ ಮಧ್ಯೆ ಇಂಗ್ಲಿಷ್ ಬಂತು ಅಂದ್ರೆ ಅಲ್ಲೊಂದು ಗುಂಡಿ ಇದೆ ಅಂತಲೇ ಅರ್ಥ. ಇಪ್ಪತ್ತೆಂಟು ವರ್ಷ ಇಂಥ ಗುಂಡಿ ಹಾರಿದೋನು ನಾನು!"

"ಎಲ್ಲರೂ ಹಾಗೇ ಬರೀತಾರೆ ಸಾರ್..."

"ಎಲ್ಲರೂ ಬರೀಲಿ!" ಎಂದವರೇ ಪೆನ್ನು ತೆಗೆದು ಆ ಪದವನ್ನು ಎರಡು ಗೆರೆ ಎಳೆದು ಹೊಡೆದುಹಾಕಿ, ಅದರ ನೆತ್ತಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: ಅನಿಯಮಿತ. ಪಕ್ಕಕ್ಕೆ ಚಿಕ್ಕ ಸಹಿಯನ್ನೂ ಹಾಕಿದರು. 'ಆರು: ಕಂಪನಿಯು ಗ್ರಾಹಕರಿಗೆ ಅನಿಯಮಿತ ಸೇವೆ ಒದಗಿಸತಕ್ಕದ್ದು.'

ಟೈನವನು ಅದನ್ನು ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಬೆವರೊರೆಸಿಕೊಳ್ಳುವುದನ್ನೂ ಮರೆತು ಸಹಿ ಹಾಕಿ, ಕಾರ್ಯದರ್ಶಿಗಳ ಎರಡೂ ಕೈ ಹಿಡಿದು ಕುಲುಕಿದ.

"ಇಷ್ಟು ನ್ಯಾಯವಾದ ಬೇಡಿಕೆ ಯಾರೂ ಇಟ್ಟಿರಲಿಲ್ಲ ಸಾರ್!"

"ನೋಡಿದೆಯೇನೇ? ವಿರೋಧಿಗಳೂ ಮೆಚ್ಚಬೇಕು. ಕರಾರು ಅಂದ್ರೆ ಅದು!"

"ನೋಡಿದೆ" ಎಂದಳು ಹೆಂಡತಿ. "ನನಗೆ ಅವನು ಮೆಚ್ಚಿದ್ದೇ ಭಯ."

ಶುಕ್ರವಾರ ಏಣಿಯವನು ಬಂದ, ತೂತು ಹೊಡೆದ, ಬಿಡುವಿನಲ್ಲಿ ಮೂರು ಲೋಟ ಟೀ ಕುಡಿದ, ಹೋದ. ಶನಿವಾರ ಸಂಜೆ ಟೀವಿಯ ಮುಂದೆ ಕಾರ್ಯದರ್ಶಿಗಳು ವಿಜಯೋತ್ಸವಕ್ಕೆ ಕೂತರು. ವಾರ್ತೆ ಓದುವವಳು "ಇದೀಗ ಬಂದ ಸುದ್ದಿ" ಎಂದಳು. ಸುದ್ದಿ ಬರುವ ಮೊದಲು ಅವಳೇ ಹೋದಳು. ಇಪ್ಪತ್ತು ನಿಮಿಷ ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಆಮೇಲೆ ವಾರ್ತೆಯವಳು ಮತ್ತೆ ಪ್ರತ್ಯಕ್ಷಳಾಗಿ "ನಮಸ್ಕಾರ" ಎಂದು ಎದ್ದುಹೋದಳು.

"ಹೊಸ ಲೈನು. ಹೊಸ ಎಂಜಿನ್ನಿನ ಹಾಗೆ ಸ್ವಲ್ಪ ಓಡಿ ಪಳಗಬೇಕು" ಎಂದರು ಮೆಕ್ಯಾನಿಕ್ ಸಾಹೇಬರು.

ಭಾನುವಾರ ಹೆಂಡತಿ ಮೆಲ್ಲಗೆ ಬಾಯಿಬಿಟ್ಟಳು. "ಮೇಲಿನ ಮನೆ ಟೀಚರಮ್ಮ ಒಳ್ಳೇವರು ರೀ. ಅವರದು ಬೇರೆ ಕಂಪನಿ, ಒಂದು ದಿನವೂ ಕೈಕೊಟ್ಟಿಲ್ಲವಂತೆ. ನಾಳೆ ಒಂದು ಗಂಟೆ ಅವರ ಮನೇಲೇ ಕೂತು ಪಾಠ ಮಾಡಿಬಿಡ್ಲಾ?"

ಕಾರ್ಯದರ್ಶಿಗಳಿಗೆ ಮೈಮೇಲೆ ಕೆಂಡ ಸುರಿದ ಹಾಗಾಯಿತು. "ಕರಾರಿಗೆ ಸಹಿ ಬಿದ್ದ ಮೇಲೆ ಇನ್ನೊಬ್ಬರ ಮನೆ ಬಾಗಿಲು ಬಡಿಯೋದಾ? ಕಂಪನಿಯವನಿಗೆ ಗೊತ್ತಾದ್ರೆ ನಮ್ಮ ಬಲ ಏನಾಗಬೇಕು? ಒಗ್ಗಟ್ಟು ಕಣೇ, ಒಗ್ಗಟ್ಟು! ನಾಳೆ ಲೈನ್ ಹೋಗಲ್ಲ. ಹೋದ್ರೆ ನನ್ನ ಹೆಸರು ಬದಲಾಯಿಸು."

"ಬದಲಾಯಿಸೋಕೆ ಒಳ್ಳೇ ಹೆಸರೇ ಸಿಕ್ತಿಲ್ಲ" ಎನ್ನುತ್ತ ಆಕೆ ಸೀಮೆಸುಣ್ಣ ಚೂಪು ಮಾಡಿದಳು.

ಸೋಮವಾರ ಹನ್ನೊಂದಕ್ಕೆ ಲೈನ್ ಇತ್ತು. ಪರದೆಯ ಮೇಲೆ ಹನ್ನೊಂದು ಪುಟ್ಟ ಚೌಕ, ಹನ್ನೊಂದು ಮುಖ, ಹನ್ನೊಂದು ಕತ್ತರಿ. ಹೆಂಡತಿ ಮೇಜಿನ ಮೇಲೆ ಬಟ್ಟೆ ಹರಡಿ ಪಾಠ ಶುರುಮಾಡಿದಳು. ಕಾರ್ಯದರ್ಶಿಗಳು ಬಾಗಿಲ ಬಳಿ ಬಿಳಿ ಅಂಗಿ ತೊಟ್ಟು, ಎದೆ ಮೇಲೆ ಕೈಕಟ್ಟಿ ಕಾವಲು ನಿಂತಿದ್ದರು.

ಅಂಗಿಯ ಬೆನ್ನಿನ ಭಾಗ ಕತ್ತರಿಸುವ ಸಮಯ ಬಂತು. ಬಟ್ಟೆಯನ್ನು ಎರಡಾಗಿ ಮಡಿಚಬೇಕು, ಅರ್ಧ ಬೆನ್ನಿನ ಕಾಗದವನ್ನು ಮಡಿಕೆಗೆ ಅಂಟಿಸಿ ಇಡಬೇಕು, ಮಡಿಕೆಯನ್ನು ಮುಟ್ಟದೆ ಉಳಿದ ಮೂರು ಕಡೆ ಕತ್ತರಿಸಬೇಕು. ಬಿಚ್ಚಿದರೆ ಪೂರ್ತಿ ಬೆನ್ನು. ಇದರಲ್ಲಿ ಹೊಸಬರು ಮಾಡುವ ತಪ್ಪು ಆಕೆಗೆ ಗೊತ್ತಿತ್ತು. ಕತ್ತರಿಯನ್ನು ಮೇಲಕ್ಕೆತ್ತಿ ತೋರಿಸಿ ಹೇಳಿದಳು:

"ಎಲ್ಲರೂ ಸರಿಯಾಗಿ ಕೇಳಿಸ್ಕೊಳ್ಳಿ. ಮಡಿಕೆ ಮೇಲೇ ನೇರವಾಗಿ ಕತ್ತರಿಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳಲೇಬೇಡಿ!"

'ಕತ್ತರಿಸಿ' ಎನ್ನುವ ತನಕ ಲೈನ್ ಇತ್ತು.

ಚಕ್ರ ತಿರುಗತೊಡಗಿತು. ಒಂಬತ್ತು ನಿಮಿಷ ತಿರುಗಿತು. ಮುಖಗಳು ಮರಳಿ ಬಂದಾಗ ಹನ್ನೊಂದು ವಿಧೇಯ ವಿದ್ಯಾರ್ಥಿನಿಯರು ತಲಾ ಎರಡು ಹೋಳು ಕೈಯಲ್ಲಿ ಹಿಡಿದು, ಮುಂದೇನು ಎಂದು ನೋಡುತ್ತಿದ್ದರು. ಮುಂದೇನೂ ಇರಲಿಲ್ಲ. ಹನ್ನೊಂದು ಬೆನ್ನು, ಇಪ್ಪತ್ತೆರಡು ಚೂರು!

"ಇದನ್ನ ಹೇಗೆ ಅಂಟಿಸೋದು ಟೀಚರ್?" ಎಂದು ಒಬ್ಬಾಕೆ ಕೇಳುತ್ತಿದ್ದಂತೆ ಲೈನ್ ಮತ್ತೆ ಹೋಯಿತು. ಹೆಂಡತಿ ಕಂಪ್ಯೂಟರ್ ಮುಚ್ಚಿದಳು. ಬಯ್ಯಲಿಲ್ಲ, ಅಳಲಿಲ್ಲ, ಕಾರ್ಯದರ್ಶಿಗಳೇ ಎಂದೂ ಕರೆಯಲಿಲ್ಲ. ಅವರಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಟೈನವನಿಗೆ ಫೋನು ಹೋಯಿತು. ಮಾತು ಕೊಟ್ಟಂತೆ ಯಂತ್ರವಲ್ಲ, ಮನುಷ್ಯನೇ ಎತ್ತಿದ.

"ಕರಾರು ಉಲ್ಲಂಘನೆ! ಆರನೇ ಕಲಮು ತೆಗೆದು ನೋಡಯ್ಯಾ!"

"ಕಣ್ಣ ಮುಂದೇ ಇದೆ ಸಾರ್, ಫ್ರೇಮ್ ಹಾಕಿಸಿದ್ದೀವಿ. 'ಅನಿಯಮಿತ ಸೇವೆ.' ಅದನ್ನೇ ಕೊಡ್ತಿದ್ದೀವಲ್ಲ?"

"ಅನಿಯಮಿತ ಅಂದ್ರೆ ಮಿತಿ ಇಲ್ಲದ್ದು ಕಣಯ್ಯಾ!"

"ಅದು ಅಪರಿಮಿತ ಸಾರ್. ಅನಿಯಮಿತ ಅಂದ್ರೆ ನಿಯಮ ಇಲ್ಲದ್ದು. ಯಾವಾಗ ಬರುತ್ತೋ, ಯಾವಾಗ ಹೋಗುತ್ತೋ. ಬೇರೆ ಗ್ರಾಹಕರಿಗೆ ಲೈನ್ ಹೋದ್ರೆ ನಾವು ತಪ್ಪಾಯ್ತು ಅನ್ನಬೇಕು. ನಿಮ್ಮ ಮನೆಗೆ ಮಾತ್ರ, ಹೋಗದೇ ಇದ್ರೆ ತಪ್ಪಾಯ್ತು ಅನ್ನಬೇಕು. ಎಂಜಿನಿಯರುಗಳು ನಿಮ್ಮ ಫೋಟೋ ಕೇಳ್ತಿದ್ದಾರೆ ಸಾರ್!"

ಕಾರ್ಯದರ್ಶಿಗಳು ಫೋನು ಬಿಸಾಕಿ, ಒಂದೇ ಉಸಿರಿಗೆ ಮೇಲಿನ ಮಹಡಿಗೆ ಹತ್ತಿದರು. ಟೀಚರಮ್ಮ ದಪ್ಪನೆಯ ನಿಘಂಟು ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು: "ಅನಿಯಮಿತ... ನಿಯಮಕ್ಕೆ ಒಳಪಡದ, ಕ್ರಮವಿಲ್ಲದ, ನಿಶ್ಚಿತವಲ್ಲದ. ಜಾಹೀರಾತಿನೋರು ಹೇಗೆ ಬೇಕೋ ಹಾಗೆ ಬರೀತಾರೆ. ನೀವೂ ಅವರ ಮಾತು ನಂಬಿದ್ರಾ? ಅಯ್ಯೋ ನಿಮ್ಮ!"

ಕಾರ್ಯದರ್ಶಿಗಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಇಂಟರ್ನೆಟ್ಟು ಹಾಳಾಗಿ ಹೋಗಲಿ; ಅವರಿಗೆ ನೆನಪಾದದ್ದು ಡಿಪೋದ ಕರಾರು. ನಲವತ್ತೆರಡು ದಿನದ ಮುಷ್ಕರದಲ್ಲಿ ಗೆದ್ದು, ತಾವೇ ಕೈಯಾರೆ ಬರೆದದ್ದು: 'ಕಾರ್ಮಿಕರಿಗೆ ಅನಿಯಮಿತ ವೈದ್ಯಕೀಯ ಸೌಲಭ್ಯ ಒದಗಿಸತಕ್ಕದ್ದು.' ಡಿಪೋದ ಡಾಕ್ಟರು ಒಂದು ವಾರ ಬಂದರೆ ಮೂರು ವಾರ ನಾಪತ್ತೆ. ಆ ಡಾಕ್ಟರ ವಿರುದ್ಧ ಆರು ಧರಣಿ, ಎರಡು ಘೇರಾವ್, ಒಂದು ಉಪವಾಸ! ಪಾಪದ ಮನುಷ್ಯ ಅಷ್ಟು ವರ್ಷವೂ ಕರಾರನ್ನು ಅಕ್ಷರಶಃ ಪಾಲಿಸುತ್ತಿದ್ದ.

ಕೆಳಗಿಳಿದು ಬಂದರೆ ಹೆಂಡತಿಯ ಕೈಯಲ್ಲಿ ಫೋನು. ಹನ್ನೊಂದು ಜನ ಸೇರಿ ಒಂದು ಪತ್ರ ಕಳಿಸಿದ್ದರು. ಆಕೆ ಗಟ್ಟಿಯಾಗಿ ಓದಿದಳು. ಮುಂದಿನ ಪಾಠದ ಹೊತ್ತಿಗೆ, ಅಂದರೆ ಗುರುವಾರ ಹನ್ನೊಂದರೊಳಗೆ, ಎಲ್ಲರಿಗೂ ಬೆನ್ನಿನ ಬಟ್ಟೆ ಮನೆಬಾಗಿಲಿಗೆ ಬರಬೇಕು. ಪಾಠ ನಡುವೆ ಕಡಿಯಬಾರದು. ತಪ್ಪಿದರೆ ಹನ್ನೊಂದು ಜನವೂ ಪಾಠ ಬಹಿಷ್ಕರಿಸುತ್ತಾರೆ.

ಬೇಡಿಕೆ ಪಟ್ಟಿಯ ಆಚೆ ಬದಿಗೆ ಕಾರ್ಯದರ್ಶಿಗಳು ಕೂತದ್ದು ಅದೇ ಮೊದಲು. "ಎರಡನೇ ಬೇಡಿಕೆ ಒಪ್ಪೋಣ, ಟೀಚರಮ್ಮನ ಮನೆಯಿಂದ ಪಾಠ ಮಾಡು. ಮೊದಲನೇದನ್ನ ಮಾತ್ರ... ಹಂತಹಂತವಾಗಿ ಪರಿಶೀಲಿಸಬಹುದು."

ಹೆಂಡತಿ ಅವರ ಮುಖವನ್ನೇ ದಿಟ್ಟಿಸಿದಳು. "ಇದು ಮ್ಯಾನೇಜರ್ ಮಾತು ಕಣ್ರೀ!"

ಇಪ್ಪತ್ತೆಂಟು ವರ್ಷದಲ್ಲಿ ಅವರಿಗೆ ಯಾರೂ ಇಷ್ಟು ಕೆಟ್ಟ ಬೈಗುಳ ಬೈದಿರಲಿಲ್ಲ.

ಆಕೆ ಸೂಟ್‌ಕೇಸ್ ತೆರೆದು ಗಂಜಿ ಹಾಕಿದ ಬಿಳಿ ಅಂಗಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಸಂಧಾನದ ಅಂಗಿ, ಸಂಬಳ ಪರಿಷ್ಕರಣೆಯ ಅಂಗಿ, ಮಂತ್ರಿಗಳಿಗೆ ಮನವಿ ಕೊಟ್ಟ ಅಂಗಿ. ದೊಡ್ಡವರ ಅಂಗಿಯ ಬೆನ್ನಿನಲ್ಲಿ ಮಗುವಿನ ಅಂಗಿಯ ಬೆನ್ನು ಒಂದು ಸಲೀಸಾಗಿ ಬರುತ್ತದೆ. ಕತ್ತರಿ ಕರಕರ ಎಂದಿತು. ಆರು ಮುಗಿಯಿತು.

"ಇನ್ನೊಂದೆಲ್ಲಿ?"

"ಮೈಮೇಲಿದೆ" ಎಂದರು ಕಾರ್ಯದರ್ಶಿಗಳು.

"ಬಿಚ್ಚಿ."

ಬಿಚ್ಚಿದರು. ಬುಧವಾರವಿಡೀ ಬನಿಯನ್ನಿನ ಮೇಲೊಂದು ಸ್ವೆಟರ್ ಎಳೆದುಕೊಂಡು, ಬಸ್ಸಿಂದ ಬಸ್ಸಿಗೆ ಹತ್ತಿ ಏಳು ಮನೆಗೆ ಏಳು ಬೆನ್ನು ಮುಟ್ಟಿಸಿದರು, ಪ್ರತಿ ಬಾಗಿಲಲ್ಲೂ "ತಪ್ಪಾಯ್ತಮ್ಮ" ಎಂದರು. ಇನ್ನೂ ನಾಲ್ಕು ಮನೆ ಉಳಿದಿದೆ. ಮನೆಯಲ್ಲಿ ಅಂಗಿ ಉಳಿದಿಲ್ಲ.

ಆದ್ದರಿಂದ ಓದುಗರೇ, ನಕ್ಕಿದ್ದು ಸಾಕು. ನಿಮ್ಮ ಬೀರುವಿನಲ್ಲೂ ಹೊಟ್ಟೆಗೆ ಗುಂಡಿ ಹಿಡಿಯದ ಅಂಗಿಯೊಂದಿದೆ. 'ತೆಳ್ಳಗಾದ ಮೇಲೆ ಹಾಕ್ಕೋತೀನಿ' ಎಂದು ಎರಡು ವರ್ಷದಿಂದ ಮಡಿಚಿಟ್ಟಿದ್ದೀರಿ. ನೀವು ತೆಳ್ಳಗಾಗುವುದಿಲ್ಲ. ಏಳಿ, ಆ ಅಂಗಿ ತನ್ನಿ, ಗುರುವಾರ ಹನ್ನೊಂದರೊಳಗೆ!