ಖಂಡೇ ಪೂಜೆಗೆ ಕೂತ ಹ್ಯಾಂಡಲು

"ಇನ್ನ ಮ್ಯಾಲೆ ನೀ ತವರಿಗೆ ಹೋದ್ರ ನನ್ನ ಮೋಟರದಾಗೇ ಹೋಗಬೇಕು. ಎತ್ತಿನ ಗಾಡಿ ಏರಿದ್ರ ನಾ ಈ ಮನಿ ಯಜಮಾನ ಅಲ್ಲ."

ಆಳಂದದ ಕಾಳಿನ ವ್ಯಾಪಾರಿ ನಾಗಣ್ಣ ತನ್ನ ಹೆಂಡತಿ ಗುರಮ್ಮನಿಗೆ ಈ ಭೀಷ್ಮಪ್ರತಿಜ್ಞೆ ಕೇಳಿಸಿದಾಗ ಸದರಿ ಮೋಟರು ಹಿತ್ತಲಿನಲ್ಲಿ ಹದಿನೇಳು ಕಡೆ ಬಿದ್ದಿತ್ತು. ಇಂಜಿನ್ನು ಬೇವಿನ ಮರದ ಕೆಳಗೆ, ಸೀಟು ಕಣಕಿ ಬಣವೆಯ ಮಗ್ಗುಲಲ್ಲಿ, ಎರಡು ಗಾಲಿ ದನದ ಕೊಟ್ಟಿಗೆಯಲ್ಲಿ. ಉಳಿದೆರಡು ಗಾಲಿ ಎಲ್ಲಿದ್ದವೋ ಆ ಶಿವನೇ ಬಲ್ಲ! ಅಫಜಲಪುರದ ಸಿರಿವಂತರೊಬ್ಬರು ಓಡಿಸಿ, ಬೇಸತ್ತು, ಕೊನೆಗೆ ಕೋಳಿಗಳು ಮೊಟ್ಟೆ ಇಡಲೆಂದು ಬಿಟ್ಟುಕೊಟ್ಟಿದ್ದ ಮೋಟರು ಅದು. ನಾಗಣ್ಣ ಅದನ್ನು ಕೋಳಿಗಳಿಂದ ಬಿಡಿಸಿ ತಂದಿದ್ದ.

ಹಳೆಯ ಕಬ್ಬಿಣ ಕಂಡರೆ ನಾಗಣ್ಣನ ಕರುಳು ಚುರ್ ಅನ್ನುತ್ತಿತ್ತು. ಮುಚ್ಚಿಹೋದ ಹತ್ತಿ ಗಿರಣಿಯಿಂದ ನಟ್ಟು ಬಿಚ್ಚುವ ಹಲ್ಲು ಮುರಿದ ಪಾನಾ, ಕೈಯಿಂದ ತಿರುಗಿಸುವ ಡ್ರಿಲ್ಲು, ಏಳಲು ಒಲ್ಲೆ ಎನ್ನುವ ಜಾಕು ಎಲ್ಲವನ್ನೂ ಹೊತ್ತು ತಂದ. ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದ, ಇಟ್ಟಂಗಿ ಪುಡಿ ಹಾಕಿ ತಿಕ್ಕಿದ. ಮನೆಯ ದೀಪಗಳಿಗೆ ಎಣ್ಣೆ ಇಲ್ಲವಾಯಿತು, ಹಿತ್ತಲಿನ ಪಾನಾಗಳು ಮಾತ್ರ ಫಳಫಳ ಹೊಳೆದವು.

ಗುರಮ್ಮನ ತವರು ಕಡಗಂಚಿ. ಆಳಂದದಿಂದ ನಾಲ್ಕು ಹರದಾರಿ. ಬೆಳಿಗ್ಗೆ ಎತ್ತು ಹೂಡಿದರೆ ಹೊತ್ತು ಇಳಿಯುವುದರೊಳಗೆ ಮುಟ್ಟಬಹುದು. ಆದರೆ ಮೋಟರಿನಲ್ಲಿ ಹೋಗಬೇಕಲ್ಲ, ಹಾಗಾಗಿ ಮೂರು ವರ್ಷ ಹಿಡಿಯಿತು. ಮೊದಲನೆಯ ನಾಗರಪಂಚಮಿಗೆ ಪಿಸ್ಟನ್ ಬರಲಿಲ್ಲ. ಎರಡನೆಯದಕ್ಕೆ ಟೈರು ಸಿಗಲಿಲ್ಲ. ಮೂರನೆಯ ಪಂಚಮಿಗೆ ಎಲ್ಲ ಇತ್ತು, ಶ್ರಾವಣದ ಜಿಟಿಜಿಟಿ ಮಳೆಗೆ ರಂಗು ಆರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ ಬಂದರು. ಗುರಮ್ಮ ಮೂರು ವರ್ಷವೂ ಹಿತ್ತಲ ಬಾಗಿಲಲ್ಲಿ ನಿಂತು, "ಮುಗೀತೇನ್ರಿ?" ಎಂದು ಕೇಳಿದಳು. "ಮುಗೀಲಿಕ್ಕೆ ಬಂತು," ಎಂದು ನಾಗಣ್ಣ ಮೋಟರಿನ ಹೊಟ್ಟೆಯ ಕೆಳಗಿನಿಂದ ಹೇಳಿದ.

ಮೂವತ್ತೆಂಟನೆಯ ಇಸವಿಯ ದಸರೆಗೆ ನಾಲ್ಕು ದಿನ ಇರುವಾಗ ಮೋಟರು ನಿಜವಾಗಿಯೂ ಶುರುವಾಯಿತು! ಹಿಂದೆ ಬಸ್ಸು ಓಡಿಸುತ್ತಿದ್ದ ಯಾಕೂಬಸಾಬ ಮುಂದೆ ನಿಂತು ಇಂಜಿನ್ನಿನ ಮೂತಿಗೆ ಕಬ್ಬಿಣದ ಹ್ಯಾಂಡಲು ಸಿಕ್ಕಿಸಿ ತಿರುಗಿಸಿದ, ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ನಾಗಣ್ಣ ಓಣಿಯ ತುದಿಯ ಗುಡಿ ಸುತ್ತಿಸಿ ವಾಪಸು ತಂದ.

"ಬಿಲ್ಕುಲ್ ತಯಾರ ಆಗ್ಯಾದ ಸಾಹುಕಾರ್ರೆ," ಎಂದ ಯಾಕೂಬಸಾಬ. "ಆದ್ರ ಒಂದ ಮಾತು. ಸಾವಕಾಶ ಬಿಟ್ರ ಇದು ಉಸಿರು ಬಿಡ್ತದ. ನಿಂತಾಗೊಮ್ಮೆ ಹ್ಯಾಂಡಲ್ ಹೊಡೀಲಿಕ್ಕೇ ಬೇಕು."

"ಹ್ಯಾಂಡಲ್ ಅದ ಅಲ್ಲ. ಚಿಂತಿ ಯಾಕ?" ಎಂದ ನಾಗಣ್ಣ.

ಮಹಾನವಮಿ ಬಂತು. ಆಯುಧಗಳನ್ನು ಪೂಜಿಸುವ ಖಂಡೇ ಪೂಜೆ. ರೈತರು ಕುಡುಗೋಲು ಇಟ್ಟರು, ಅಂಗಡಿಯವರು ತಕ್ಕಡಿ ಇಟ್ಟರು. ನಾಗಣ್ಣ ದೇವರ ಮುಂದೆ ಮಣೆ ಹಾಕಿ ಪಾನಾ, ಜಾಕು, ಡ್ರಿಲ್ಲು ಜೋಡಿಸಿದ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. "ಇದು ಮೋಟರಿನ ಪ್ರಾಣ" ಎಂದು ಹ್ಯಾಂಡಲನ್ನು ತಂದು ನಟ್ಟನಡುವೆ ಪಟ್ಟಾಭಿಷೇಕಕ್ಕೆ ಕೂಡಿಸಿದ. ಅಯ್ಯನವರು ಬಂದು ವಿಭೂತಿ ಹಚ್ಚಿದರು, ಹೂ ಏರಿಸಿದರು, ಕಾಯಿ ಒಡೆದು ಎದ್ದು ಹೋದರು.

ಅವರು ಹೊಸ್ತಿಲು ದಾಟುವುದಕ್ಕೂ ಗಾಡಿಯ ದತ್ತಪ್ಪ ಬರುವುದಕ್ಕೂ ಸರಿಹೋಯಿತು. ಎರಡು ದಿನದ ಹಿಂದೆ ಕಡಗಂಚಿಗೆ ಹೋಗಿ ಕಾಳು ಹಾಕಿ ಬಂದಿದ್ದ ಆತ ಗುರಮ್ಮನಿಗೆ ಅವಳ ತಾಯಿ ನಿಂಬೆವ್ವನ ಸುದ್ದಿ ತಂದಿದ್ದ.

"ನಿಂಬೆವ್ವಾಯಿಗೆ ಕಣ್ಣು ಪೂರಾ ಮಂಜ ಆಗ್ಯಾವ್ರೀ ಅವ್ವಾರ. ಇನ್ನ ಕಾಣೂದು ನಾಕ ದಿನಾನೋ ಎಂಟ ದಿನಾನೋ ಅಂತಾಳ. ಕಣ್ಣು ಪೂರಾ ಹೋಗೂದರಾಗ ಮಗಳ ಮಾರಿ ನೋಡಬೇಕು, ಒಮ್ಮಿ ಬಂದು ಹೋಗು ಅಂತ ಹೇಳ್ಯಾಳ. ನಾ ಈಗ ಮತ್ತ ಅಲ್ಲಿಗೇ ಹೊಂಟೇನಿ, ಬರ್ತೀರೇನು?"

ಗುರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಟು ಕಟ್ಟತೊಡಗಿದಳು. ನಾಗಣ್ಣ ದತ್ತಪ್ಪನ ಎತ್ತುಗಳನ್ನು ಮೇಲಿನಿಂದ ಕೆಳಗೆ ನೋಡಿದ.

"ಇವತ್ತ ಖಂಡೇ ಪೂಜಾ. ಎತ್ತು ಹೂಡ್ತಿಯೇನೋ?"

"ಎತ್ತಿನ ಹಬ್ಬ ಕಾರಹುಣಿವಿಗೇ ಮುಗದಾದ್ರಿ ಯಪ್ಪಾ. ಇವತ್ತ ಅವಕ್ಕ ಸುಟ್ಟಿ ಇಲ್ಲ."

"ನೀ ಹೋಗು. ನೀ ಅರ್ಧ ದಾರಿ ಮುಟ್ಟೂದರಾಗ ನಾವು ಅಲ್ಲಿ ಊಟ ಮಾಡಿ ಕೈ ತೊಳದಿರ್ತೇವಿ."

ಹೀಗೆ ಹೇಳಿ ನಾಗಣ್ಣ ಮಣೆಯ ಕಡೆ ಕೈ ಚಾಚಿದ. ಅವನ ತಾಯಿ ಸುಭದ್ರಾಬಾಯಿ ಅಡ್ಡ ನಿಂತಳು.

"ಪೂಜಾ ಆದ ಹತಾರ ನಾಳಿ ಬನ್ನಿ ಮುಡಿಯೋತನ ಯಾರೂ ಎತ್ತಂಗಿಲ್ಲ."

"ಯವ್ವಾ, ಹ್ಯಾಂಡಲ್ ಒಂದೇ."

"ಅದಕ್ಕ ನಡುವ ಕೂಡಿಸಿದಾಂವ ಯಾರು, ನಾನೇನು?"

ನಾಗಣ್ಣ ಯಾಕೂಬಸಾಬನ ಮುಖ ನೋಡಿದ. "ದಬ್ಬಿದ್ರೂ ಶುರು ಆಗ್ತದ," ಎಂದ ಯಾಕೂಬಸಾಬ. ಹತ್ತು ಮಂದಿ ಸೇರಿದರು. ನಾಗಣ್ಣನ ಇಬ್ಬರು ಕಾಕಾಗಳೂ, ಅಂದರೆ ಗುರಮ್ಮನ ಚಿಕ್ಕಮಾವಂದಿರೂ, ಧೋತರ ಮೇಲೆ ಕಟ್ಟಿ ಬಂದರು. ನಾಗಣ್ಣ ಒಳಗೆ ಕೂತು, "ಬಾ ಬೇ, ಹತ್ತು," ಎಂದ ಹೆಂಡತಿಗೆ.

ಗುರಮ್ಮ ಅಲುಗಲಿಲ್ಲ. "ಮಾವನೋರು ಬೆವರು ಸುರಿಸಿ ದಬ್ಬಾಕತ್ತಾರ. ನಾ ಮ್ಯಾಲೆ ಕಾಲು ಚಾಚಿ ಕೂಡ್ಲೇನ್ರಿ? ಶುರು ಮಾಡ್ಕೋರಿ, ಹತ್ತತೇನಿ."

ಸೊಸೆಯ ಮರ್ಯಾದೆಗೆ ಇಡೀ ಓಣಿ ತಲೆದೂಗಿತು. ದಬ್ಬಿದರು. ಇಳಿಜಾರಿನಲ್ಲಿ ಮೋಟರು ಕೆಮ್ಮಿತು, ಸೀನಿತು, ಗುಡುಗಿತು, ಹೊರಟೇಬಿಟ್ಟಿತು!

ಆಗ ನಾಗಣ್ಣನಿಗೆ ಒಂದು ಸಣ್ಣ ಸಂಗತಿ ಹೊಳೆಯಿತು. ಗುರಮ್ಮ ಹತ್ತಬೇಕಾದರೆ ಮೋಟರು ನಿಲ್ಲಬೇಕು. ನಿಂತರೆ ಸಾಯುತ್ತದೆ. ಸತ್ತರೆ ಕಾಕಾಗಳು ಮತ್ತೆ ದಬ್ಬಬೇಕು. ಕಾಕಾಗಳು ದಬ್ಬಿದರೆ ಗುರಮ್ಮ ಹತ್ತುವುದಿಲ್ಲ. ಈ ಗಂಟು ಬಿಚ್ಚುವ ಪಾನಾ ಗಿರಣಿಯಲ್ಲೂ ಸಿಕ್ಕಿರಲಿಲ್ಲ.

ಗುಡಿ ಸುತ್ತಿ ಮನೆಯ ಮುಂದೆ ಬಂದ. "ಹತ್ತು!" ಎಂದು ಕೂಗಿದ.

"ನಿಲ್ಲಸ್ರಿ," ಎಂದಳು ಗುರಮ್ಮ.

"ನಿಲ್ಲಂಗಿಲ್ಲ. ಓಡಿ ಬಂದು ಹತ್ತು."

ಅಷ್ಟರಲ್ಲಿ ಮನೆ ಹಿಂದೆ ಹೋಯಿತು. ಎರಡನೆಯ ಸುತ್ತಿಗೆ ಯಾಕೂಬಸಾಬ ಗುರಮ್ಮನ ಕೈಯಿಂದ ಗಂಟು ಇಸಿದುಕೊಂಡು ಹಿಂದಿನ ಸೀಟಿಗೆ ಎಸೆದ. ಗಂಟು ಹತ್ತಿತು. ಮೂರನೆಯ ಸುತ್ತಿಗೆ ಓಣಿಯ ಹೆಂಗಸರೆಲ್ಲ, "ಜಿಗಿಯವ್ವ, ಜಿಗಿ," ಎಂದರು. ಗುರಮ್ಮ ಇಬ್ಬರು ಮಾವಂದಿರನ್ನು ನೋಡಿದಳು, ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ನಾಲ್ಕನೆಯ ಸುತ್ತಿಗೆ ಗುಡಿಯ ಮಗ್ಗುಲಲ್ಲಿ ಎಮ್ಮೆಗಳ ಹಿಂಡು ನಿಂತಿತ್ತು. ಎಡಕ್ಕೆ ತಿರುಗಲು ದಾರಿ ಇಲ್ಲ. ನಾಗಣ್ಣ ಬಲಕ್ಕೆ ತಿರುಗಿದ. ಬಲಕ್ಕೆ ಊರ ಬಾಗಿಲು, ಅಗಸಿ. ಅಗಸಿಯ ಆಚೆ ಕಡಗಂಚಿಯ ಹಾದಿ. ಮೋಟರನ್ನು ಹೊಳ್ಳಿಸಲು ಬೇಕಾದಷ್ಟು ಅಗಲದ ಜಾಗ ನಾಲ್ಕು ಹರದಾರಿಯಲ್ಲಿ ಎಲ್ಲಿಯೂ ಇರಲಿಲ್ಲ. ಹಿಂದಕ್ಕೆ ಓಡಿಸುವ ವಿದ್ಯೆಯನ್ನು ಯಾಕೂಬಸಾಬ ಇನ್ನೂ ಕಲಿಸಿರಲಿಲ್ಲ. ಮೂರು ವರ್ಷ ಕಾದ ಆ ಪ್ರಯಾಣ ಎಷ್ಟು ಸೊಗಸಾಗಿ ಸಾಗಿತು! ಒಂದು ಕಡೆಯೂ ಕೆಡಲಿಲ್ಲ, ಒಂದು ನಟ್ಟೂ ಬೀಳಲಿಲ್ಲ. ಎರಡೂ ಕಡೆ ತೊಗರಿ ಹೊಲದ ಜನ ನಿಂತು ಕೈ ಬೀಸಿದರು. ನಾಗಣ್ಣನಿಗೆ ಅಳು ಬಂತು. ಕೆಟ್ಟು ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು.

ಕಡಗಂಚಿಯಲ್ಲಿ ಅತ್ತೆಯ ಮನೆಯ ಮುಂದೆ ಮೋಟರು ಉಸಿರು ಬಿಟ್ಟಿತು. ನಿಂಬೆವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮೋಟರಿನ ಸಪ್ಪಳ ಕೇಳಿಯೇ ಅವಳ ಮುಖ ಅರಳಿತ್ತು.

"ಬಂದ್ಯಾ ನನ್ನವ್ವ? ಇಳಿಯವ್ವ, ಇಳಿ."

ಕೈ ಮುಂದೆ ಚಾಚಿ ಸೀಟಿನ ಮೇಲೆಲ್ಲ ತಡವಿದಳು. ಗಂಟು ಸಿಕ್ಕಿತು. ಅದನ್ನು ಮೆಲ್ಲಗೆ ಸವರಿದಳು. ಅವಳ ಕೈ ನಿಂತಿತು.

"ಅಳಿಯಂದ್ರ, ಇದು ಗಂಟು. ನನ್ನ ಮಗಳೆಲ್ಲಿ?"

ನಾಗಣ್ಣ ಎಲ್ಲವನ್ನೂ ಹೇಳಿದ. ಪಿಸ್ಟನ್ನಿನಿಂದ ಹಿಡಿದು ಎಮ್ಮೆಗಳವರೆಗೆ ಹೇಳಿದ. ಮುದುಕಿ ಕಟ್ಟೆಯ ಮೇಲೆ ಕೂತು ಕೊನೆಯವರೆಗೂ ಕೇಳಿದಳು.

"ಮೋಟರ ಚಲೋ ಅದೇನ್ರಿ?" ಎಂದು ಕೇಳಿದಳು.

"ಚಲೋ ಅದರಿ," ಎಂದ ನಾಗಣ್ಣ. ಅದಕ್ಕಿಂತ ಕಠಿಣವಾದ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ, ಆಳಂದದಲ್ಲೇ ಕಾದು ನಿಂತಿದ್ದ ದತ್ತಪ್ಪನ ಗಾಡಿ ಬಂತು. ಗುರಮ್ಮ ಇಳಿದು ಗಂಡನನ್ನೂ ಮೋಟರನ್ನೂ ದಾಟಿಕೊಂಡು ಒಳಗೆ ಹೋದಳು. ನಿಂಬೆವ್ವ ಅವಳ ಮುಖವನ್ನು ದೀಪದ ಹತ್ತಿರ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು. "ಕಾಣ್ತೀ, ಮಸಕ ಮಸಕ ಕಾಣ್ತೀ," ಎಂದಳು. "ಹೋದ ವರ್ಷ ಬಂದಿದ್ರ ಪೂರಾ ಕಾಣ್ತಿದ್ದಿ." ತಾಯಿ ಮಗಳು ಅತ್ತರು. ನಾಗಣ್ಣ ಪಡಸಾಲೆಯಲ್ಲಿ ಊಟದ ತಾಟಿನ ಮುಂದೆ ತಲೆ ತಗ್ಗಿಸಿ ಕೂತಿದ್ದ.

ಮರುದಿನ ಬೆಳಿಗ್ಗೆ ಮೋಟರು ದಬ್ಬಿಸಲು ಜನ ಕರೆದ. ಕಡಗಂಚಿಯ ಆ ಓಣಿ ಸಪಾಟ, ಎಷ್ಟು ದಬ್ಬಿದರೂ ಅದು ಕೆಮ್ಮಲೂ ಇಲ್ಲ. ದತ್ತಪ್ಪ ಎತ್ತು ಹೂಡುತ್ತಿದ್ದ. ಗುರಮ್ಮ ಬಾಗಿಲಿಗೆ ಬಂದಳು.

"ಗಾಡಿ ಖಾಲಿ ಹೊಳ್ಳಿ ಹೊಂಟದ. ಕೂತು ಹೋಗ್ರಿ. ಸಂಜಿಕ ಬನ್ನಿ ಮುಡದ ಮ್ಯಾಲೆ ಹ್ಯಾಂಡಲ್ ತಗೊಂಡು ಬರ್ರಿ."

ನಾಗಣ್ಣ ಗಾಡಿ ಏರಿದ. ಕಾಳಿನ ಖಾಲಿ ಚೀಲಗಳ ನಡುವೆ ಜಾಗ ಮಾಡಿಕೊಂಡು ಕೂತ. ಗಾಡಿ ಹೊರಳುವ ಮುಂದೆ ಮೆಲ್ಲಗೆ ಕೇಳಿದ, "ನಾಳಿ ಹೊತ್ತು ಏರೂದರಾಗ ಬಂದುಬಿಡ್ತೇನಿ. ನೀ ತಯಾರಾಗಿರ್ತೀ ಅಲ್ಲ?"

"ಅವಸರ ಮಾಡಬ್ಯಾಡ್ರಿ," ಎಂದಳು ಗುರಮ್ಮ. "ನಾ ಅವ್ವನ ಹತ್ರ ಇದ್ದೇನಿ. ಮೂರು ವರ್ಷ ಹಿಡದ್ರೂ ನಡೀತದ."