ಟೈಪ್ ಮಾಡುತ್ತಿದ್ದಾರೆ

ನಗರಸಭೆಯ ಯುವ ಸಲಹಾ ಸಮಿತಿಯಲ್ಲಿ ಯುವಜನರ ಪಾಲ್ಗೊಳ್ಳುವಿಕೆ ನೂರಕ್ಕೆ ನೂರು ಎಂಬುದು ದಾಖಲೆಗಳಿಂದ ಸಿದ್ಧಪಟ್ಟ ಸಂಗತಿ. ಸಭೆ ಮೊಬೈಲ್ ಗ್ರೂಪಿನಲ್ಲೇ ನಡೆಯುವುದರಿಂದ ಕುರ್ಚಿ ಹಾಕಿಸುವ ತಾಪತ್ರಯವೂ ಇಲ್ಲ.

ಆ ಸೋಮವಾರ ಸಭೆಯ ಮುಂದಿದ್ದದ್ದು ಒಂದೇ ವಿಷಯ: ಸಾರ್ವಜನಿಕ ವಾಚನಾಲಯವನ್ನು ಖಾಲಿ ಮಾಡಿಸಿ, ನಗರಸಭೆ ಅಧ್ಯಕ್ಷರು ಯುವಜನರಿಗಾಗಿ ರೀಲ್ಸ್ ಮಾಡಲು ಅಲ್ಲಿ ಸ್ಟುಡಿಯೋ ತೆರೆಯುವುದು.

ಸಮಿತಿಯ ಸದಸ್ಯೆಯಾದ ಟೈಲರ್ ಮಗಳು ಅದನ್ನು ಎರಡೆರಡು ಸಲ ಓದಿದಳು. ಮನೆಯಲ್ಲಿರುವುದು ಒಂದೇ ಕೋಣೆ, ಅದರಲ್ಲಿ ಬೆಳಗಿನಿಂದ ಅಪ್ಪನ ಮಿಷನ್ನಿನ ಕಟಕಟ. ಪರೀಕ್ಷೆಗೆ ಎರಡೇ ತಿಂಗಳು. ಓದಲು ವಾಚನಾಲಯ ಬಿಟ್ಟರೆ ಗತಿಯಿಲ್ಲ. ಆದರೆ ಹುಡುಗಿ ಸಂಕೋಚದ ಮುದ್ದೆ. ‘ದಯವಿಟ್ಟು’ ಎಂದು ಬರೆದಳು, ಅಳಿಸಿದಳು. ‘ನನ್ನ ವಿರೋಧವಿದೆ’ ಎಂದು ಬರೆದಳು, ಜೋರಾಯಿತೇನೋ ಎಂದು ಅದನ್ನೂ ಅಳಿಸಿದಳು. ಹೀಗೆ ಹನ್ನೊಂದು ನಿಮಿಷ. ಕೊನೆಗೆ ಕಣ್ಣು ಮುಚ್ಚಿಕೊಂಡು ಕಳಿಸಿಯೇಬಿಟ್ಟಳು: ‘ವಾಚನಾಲಯ ಮುಚ್ಚಬೇಡಿ.’

ಮರುದಿನ ನಡಾವಳಿ ಬಂತು: ‘ಮಾನ್ಯ ಸದಸ್ಯೆಯವರು ಹನ್ನೊಂದು ನಿಮಿಷ ಟೈಪ್ ಮಾಡಿ ಚರ್ಚೆಯಲ್ಲಿ ಸಕ್ರಿಯವಾಗಿ ಪಾಲ್ಗೊಂಡರು. ಸಂದೇಶ ಕಳಿಸಿದೊಡನೆ ಟೈಪಿಂಗ್ ನಿಂತದ್ದರಿಂದ ಚರ್ಚೆ ಮುಗಿಯಿತೆಂದು ಭಾವಿಸಿ, ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ಅವಳು ನಡಾವಳಿ ಬರೆದ ಗುಮಾಸ್ತರ ಮೇಜಿಗೆ ಓಡಿದಳು.

“ಸರ್, ನಾನು ಬೇಡ ಅಂತ ಬರ್ದಿದ್ದೆ.”

“ಓದ್ದೆ ಕಣಮ್ಮ, ಚೆನ್ನಾಗಿತ್ತು. ಆದ್ರೆ ಕಳಿಸಿದ್ಯಾಕೆ? ಟೈಪ್ ಮಾಡ್ತಾನೇ ಇದ್ದಿದ್ರೆ ಚರ್ಚೆ ನಡೀತಾ ಇದೆ ಅಂತ ನಾನೇ ಬರೀತಿದ್ದೆ. ಚರ್ಚೆ ಮಧ್ಯೆ ನಿರ್ಣಯ ಮಾಡೋ ಹಾಗಿಲ್ಲ, ನಿಯಮ ಇದೆ.”

“ಈಗೇನು ಮಾಡ್ಲಿ?”

“ಮುಂದಿನ ಸೋಮವಾರ ಆ ನಿರ್ಣಯನ ಖಾಯಂ ಮಾಡೋ ಸಭೆ, ಅದು ಮುಗಿಯೋವರೆಗೆ ಜಾರಿ ಆಗಲ್ಲ. ಹತ್ತಕ್ಕೆ ಶುರು ಹಚ್ಕೋ. ಏನಾದ್ರೂ ಬರಿ, ಕಳಿಸ್ಬೇಡ, ಅಷ್ಟೇ.”

ಶುರು ಹಚ್ಚಿಕೊಂಡಳು. ಅವಳ ಬೆರಳು ಸೋತಾಗ ವಾಚನಾಲಯದ ಓದುಗರೆಲ್ಲ ಸಮಿತಿಗೆ ಸೇರಿ ಪಾಳಿ ಹಾಕಿಕೊಂಡರು. ಸಭೆ ಮುಗಿಯಲೇ ಇಲ್ಲ; ದಿನವೂ ಕಚೇರಿ ವೇಳೆಯಲ್ಲಿ ಒಬ್ಬರಲ್ಲ ಒಬ್ಬರು ಟೈಪ್ ಮಾಡುತ್ತಲೇ ಇದ್ದರು, ಚರ್ಚೆ ನಡೆಯುತ್ತಲೇ ಇತ್ತು. ವಾಚನಾಲಯ ಉಳಿಯಿತು. ಅಲ್ಲಿ ಓದಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಅಧ್ಯಕ್ಷರೂ ಬೇಸರ ಮಾಡಿಕೊಳ್ಳದೆ, ಅಲ್ಲೇ ಕೂತು ತಲೆ ತಗ್ಗಿಸಿ ಟೈಪ್ ಮಾಡುವ ಯುವಜನರ ನಡುವೆ ನಿಂತು ರೀಲ್ಸ್ ಮಾಡಿಸಿಕೊಂಡರು.

ಪರೀಕ್ಷೆಯ ದಿನ ಟೈಲರ್ ಮಗಳದೇ ಪಾಳಿ ಬಿತ್ತು. ರಜೆ ಕೇಳಿದಳು.

“ಸಭೆ ನಡೀತಿರೋವಾಗ ರಜೆ ಕೊಡೋಕಾಗುತ್ತೇನಮ್ಮ?” ಎಂದರು ಗುಮಾಸ್ತರು.

ನ್ಯಾಯವಾದ ಮಾತೆನಿಸಿತು. “ಸರಿ ಸರ್, ಪರೀಕ್ಷೆ ಮುಂದಿನ ವರ್ಷ ಕಟ್ತೀನಿ” ಎಂದಳು, ಮೊಬೈಲಿನಿಂದ ಹೆಬ್ಬೆರಳು ಎತ್ತದೆ.