ಎಮ್ಮೆಕರುವಿಗೊಂದು ಪಾಪ್ ಹಾಡು

ಕಾರ್ಟೂನ್ ಸಿನಿಮಾವೊಂದರಲ್ಲಿ ಎಮ್ಮೆಕರು ಸೊಂಟ ಕುಣಿಸುತ್ತ ಹಾಡಬೇಕಿದ್ದ ಪಾಪ್ ಹಾಡನ್ನು ಬರೆದು, ರಾಗ ಹಾಕಿ, ಹಾಡಿದವನು ನಾನೇ. ಸುಳ್ಳು. ನಾನು ಬರೆದದ್ದು ನಡುವೆ ಬರುವ ‘ಲಲ್ಲಲ್ಲಾ’ ಮಾತ್ರ; ಅದರಲ್ಲೂ ಕೊನೆಯ ‘ಲಾ’ ಬೇರೆಯವರದು. ಆದರೆ ಮುಂಬಯಿ ಕಡೆ ಠಾಣೆಯಿಂದ ಕಲ್ಯಾಣದವರೆಗೆ ಯಾರು ಎಲ್ಲಿ ಎಡವಟ್ಟು ಮಾಡಿಕೊಂಡರೂ ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಹಣೆಬರಹ.

೧. ಮೊದಲು ಕುಣಿತ, ಆಮೇಲೆ ಹಾಡು

ರಿಂಗ್‌ಟೋನನ್ನು ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತಿದ್ದ ಕಾಲ ಅದು. ಮಾಜಿವಾಡಾದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಒಬ್ಬ ಸೇಠ್‌ಗೆ ಕನ್ನಡದಲ್ಲಿ ಮಕ್ಕಳ ಸಿನಿಮಾ ತೆಗೆಯುವ ಹುಚ್ಚು ಹಿಡಿಯಿತು. ಖಾರಘರದ ಫ್ಲ್ಯಾಟೊಂದರಲ್ಲಿ ಕಂಪ್ಯೂಟರಿನವರು ಚಿತ್ರ ಪೂರ್ತಿ ಮುಗಿಸಿದ್ದರು. ಕರು ಮೂರು ನಿಮಿಷ ಕುಣಿದು, ಬಾಯಿ ಆಡಿಸಿ, ನಮಸ್ಕಾರವನ್ನೂ ಮಾಡಿಯಾಗಿತ್ತು. ಇನ್ನು ಆ ಬಾಯಿಗೆ ಅಳತೆ ಹೊಂದುವ ಕನ್ನಡ ಹಾಡು ಬೇಕಿತ್ತು, ಅಷ್ಟೇ. ಚಪ್ಪಲಿ ಹೊಲಿದಾದ ಮೇಲೆ ಕಾಲು ಹುಡುಕಿದ ಹಾಗೆ.

ಕಲ್ಯಾಣದಲ್ಲಿರುವ ನನ್ನ ಗೆಳೆಯನನ್ನು ಕರೆದೊಯ್ದೆ. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವವನು. ಜರ್ಮನಿಯಲ್ಲಿ ಸಂಗೀತ ಕೇಳಿಸಿ ದನಗಳ ಹಾಲು ಹೆಚ್ಚಿಸಿದವನೆಂದು ಪರಿಚಯ ಮಾಡಿಸಿದೆ. ಸೇಠ್ ಎದ್ದು ನಿಂತು ಕೈ ಕುಲುಕಿದರು.

ಗೆಳೆಯನಿಗೆ ಬೇಕಿದ್ದುದು ಒಂದೇ, ಪರದೆಯ ಮೇಲೆ ತನ್ನ ಹೆಸರು. ಅದನ್ನು ಅವನ ಮಾವ ನೋಡಬೇಕು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿ ವಿಶ್ರಾಂತಿಗೆ ಕೂತ ಆ ಮಾವ ಹದಿನೈದು ವರ್ಷಗಳಿಂದ ಬಂದವರಿಗೆಲ್ಲ ಅವನನ್ನು ಹೀಗೇ ತೋರಿಸುತ್ತಿದ್ದರು: “ಇವ ನಮ್ಮ ಮಗಳ ಗಂಡ. ಕೆಲಸ ಇನ್ನೂ ನಿಶ್ಚಯ ಆಗ್ಲಿಲ್ಲ.”

೨. ತಬೇಲಾದ ನೆಲ

ಹಾಡು ಬರೆಯಲು ಕೂತೆವು. ಹಸಿರು ಹುಲ್ಲು, ನೀಲಿ ಬಾನು ಎಂದು ಗೆಳೆಯ ಶುರು ಮಾಡಿದ. ಸೇಠ್ ಕಣ್ಣು ಮುಚ್ಚಿ ಕೇಳಿ, ಬಾನು ಇರಲಿ, ಅದರಿಂದ ನನಗೇನೂ ನಷ್ಟವಿಲ್ಲ, ಹುಲ್ಲು ತೆಗೆದು ಟೈಲ್ಸ್ ಹಾಕಿ ಎಂದರು. ಎಮ್ಮೆ ಕಟ್ಟುವ ತಬೇಲಾದಲ್ಲಿ ಟೈಲ್ಸ್ ಎಲ್ಲಿಂದ ಬರಬೇಕೆಂದು ಗೆಳೆಯ ಕೇಳಿದ. ತನ್ನ ಅಂಗಡಿಯಿಂದ ಎಂದರು. ಮರುದಿನವೇ ಖಾರಘರದವರು ಕರುವಿನ ಕಾಲಡಿ ಮಿರಮಿರ ಮಿಂಚುವ ನೆಲ ಹಾಸಿದರು. ನಮ್ಮ ಹೌಸಿಂಗ್ ಸೊಸೈಟಿಯ ಅಧ್ಯಕ್ಷರ ಮನೆಯಲ್ಲೂ ಅಂಥ ನೆಲವಿಲ್ಲ.

ಅಂಥ ನೆಲದ ಮೇಲೆ ಕುಣಿದರೆ ಕರು ಜಾರುವುದಿಲ್ಲವೇ ಎಂದು ಕೇಳಿದ್ದು ನಾನು.

ಸೇಠ್‌ಗೆ ಬೇಸರವಾಯಿತು. “ಜಾರುವ ಮಾಲು ನಾನು ಇಡುವುದೇ ಇಲ್ಲ.”

೩. ಶುಕ್ರವಾರದ ರೆಕಾರ್ಡಿಂಗ್

ಕೋರಸ್‌ಗೆ ನಮ್ಮ ಬಿಲ್ಡಿಂಗಿನ ಕನ್ನಡ ಮಕ್ಕಳನ್ನು ಕೇಳಿದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಒಪ್ಪಿ, ಮರಾಠಿಯಲ್ಲಿ ಪರೀಕ್ಷೆಯ ನೆಪ ಹೇಳಿ ಓಡಿದವು. ಹಾಗಾಗಿ ಡೊಂಬಿವಲಿಯ ಭಜನಾ ಮಂಡಳಿಯನ್ನೇ ಕರೆಸಿದೆ. ಎಂಟು ಜನ ಹೆಂಗಸರು ತಾಳ ಹಿಡಿದು ಸ್ಲೋ ಲೋಕಲ್ ರೈಲಿನಲ್ಲಿ ವಿಠ್ಠಲವಾಡಿಯ ಸ್ಟುಡಿಯೋಕ್ಕೆ ಬಂದಿಳಿದರು. ಮುಂದೆ ಅವರ ಗುರು, ಉಡುಪಿ ಕಡೆಯ ಅಜ್ಜಿ.

ಅಂದು ಶುಕ್ರವಾರ, ಆ ಕಡೆ ಲೈನ್ ರಿಪೇರಿಯ ದಿನ. ಹನ್ನೊಂದಕ್ಕೆ ಕರೆಂಟ್ ಹೋದರೆ ಸಂಜೆಯೇ ಬರುವುದು. ಮರುದಿನ ಸಿನಿಮಾ ಕಳಿಸಬೇಕು. ಗೆಳೆಯ ಒಂದು ಸಾಲು ಹಾಡಿದ. ಮಂಡಳಿ ಅದನ್ನೇ ತಿರುಗಿ ಹಾಡಿತು. ಇನ್ನೊಂದು ಸಾಲು, ಅದೂ ತಿರುಗಿ. ಎದುರಿನ ಟೀವಿಯಲ್ಲಿ ಕರು ಕುಣಿದು ಮುಗಿಸಿ, ನಮಸ್ಕಾರ ಮಾಡಿ, ಬಾಯಿ ಮುಚ್ಚಿ ನಿಂತಿತ್ತು. ಇಲ್ಲಿ ಇನ್ನೂ ಎರಡನೇ ಚರಣ.

ಗೆಳೆಯ ಕೈ ಮುಗಿದು, ಅಜ್ಜಿ, ಇದು ಪಾಪ್, ಸಾಲನ್ನು ತಿರುಗಿ ಹೇಳಬಾರದು ಎಂದ.

“ಒಂದೇ ಸಲ ಹೇಳಿದ್ರೆ ದೇವರಿಗೇ ಕೇಳುದಿಲ್ಲ ಮಾರಾಯಾ,” ಎಂದರು ಅಜ್ಜಿ. “ಇನ್ನು ಎಮ್ಮೆಗೆ ಕೇಳ್ತದಾ?”

ಕೊನೆಗೆ ಯಾರೂ ಕೇಳದಿದ್ದರೂ ಒಂದು ಮಂಗಳವನ್ನೂ ಸೇರಿಸಿದರು. ಅದು ಮುಗಿದದ್ದೇ ಕರೆಂಟ್ ಹೋಯಿತು. ಆರತಿಗೆಂದು ಲೈಟು ಆರಿಸಿದ್ದಾರೆಂದು ತಿಳಿದು ಇಬ್ಬರು ಕೈ ಕಣ್ಣಿಗೊತ್ತಿಕೊಂಡರು.

೪. ಮಂಗಳ ಆಗದೆ ಏಳಬಾರದು

ಆರು ನಿಮಿಷದ ಹಾಡು ಮೂರು ನಿಮಿಷದ ಕರುವಿನ ಬಾಯಿಯಲ್ಲಿ ಹಿಡಿಯಲಿಲ್ಲ. ಸಿನಿಮಾದಲ್ಲಿ ಕರು ಬರೀ ಪೀಪಿಯ ಸದ್ದಿಗೆ ಕುಣಿಯಿತು. ಹಾಡನ್ನು ಸೇಠ್ ಸಿನಿಮಾದ ಕೊನೆಗೆ, ಹೆಸರುಗಳು ಉರುಳುವ ಜಾಗಕ್ಕೆ ತಳ್ಳಿದರು.

ಗೆಳೆಯನ ಮುಖ ನೋಡಲಾಗಲಿಲ್ಲ. ಈ ಊರಿನಲ್ಲಿ ಹೆಸರು ಓದಲು ಯಾರು ಕೂರುತ್ತಾರೆ? ‘ಮುಗಿಯಿತು’ ಎಂದು ಬರುವಷ್ಟರಲ್ಲಿ ಜನ ಪ್ಲ್ಯಾಟ್‌ಫಾರ್ಮಿನಲ್ಲಿರುತ್ತಾರೆ.

ಠಾಣೆಯ ಥಿಯೇಟರಿನಲ್ಲಿ ಹಾಗೇ ಆಯಿತು. ಕತೆ ಮುಗಿಯಿತು, ಮಾವ ಕೊಡೆ ಹುಡುಕಿ ಎದ್ದರು, ಸಾಲಿಗೆ ಸಾಲೇ ಎದ್ದಿತು. ಅಷ್ಟರಲ್ಲಿ ಪರದೆಯಿಂದ ತಾಳ ಕೇಳಿಸಿತು. ಹಿಂದಿನ ಸಾಲಿನಲ್ಲಿ ಮಂಡಳಿಯೊಡನೆ ಕೂತಿದ್ದ ಅಜ್ಜಿ ಮಾವನ ಅಂಗಿ ಹಿಡಿದೆಳೆದರು.

“ಭಜನೆ ಮುಗೀಲಿಲ್ಲ. ಮಂಗಳ ಆಗದೆ ಏಳ್ಬಾರ್ದು. ಕೂತ್ಕೊಳ್ಳಿ.”

ಮಾವ ಕೂತರು. ಅವರನ್ನು ನೋಡಿ ಡೊಂಬಿವಲಿಯವರೆಲ್ಲ ಕೂತರು. ಚಪ್ಪಲಿ ಕಳಚಿಟ್ಟೇ ಕೂತರು.

ಈಗ ಹೊಸ ಫಜೀತಿ. ಹಾಡು ಎರಡರಷ್ಟು ಉದ್ದ, ಹೆಸರುಗಳು ಇದ್ದಷ್ಟೇ. ಪರದೆ ಖಾಲಿ ಬಿಡಬಾರದೆಂದು ಖಾರಘರದವರು ಪ್ರತಿ ಹೆಸರನ್ನೂ ಎರಡೆರಡು ಸಲ ಉರುಳಿಸಿದ್ದರು. ಸಂಗೀತ ಎಂದು ಗೆಳೆಯನ ಹೆಸರು ಬಂತು. ಹೋಯಿತು. ತಿರುಗಿ ಬಂತು. ಮಂಡಳಿಯವರು ಅಭ್ಯಾಸಬಲದಿಂದ ಅದನ್ನು ರಾಗವಾಗಿ ತಿರುಗಿ ಹೇಳಿದರು.

ಮಾವ ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಯಾರೋ ಗುಜರಾತಿಯ ಭುಜ ತಟ್ಟಿದರು. “ನಮ್ಮ ಅಳಿಯ. ಒಂದೇ ಸಲ ಬಂದಿದ್ರೆ ನಾನೂ ನಂಬ್ತಿರ್ಲಿಲ್ಲ.”

ನೀವೂ ನಂಬಿಲ್ಲ, ಮುಖದಲ್ಲೇ ಕಾಣುತ್ತದೆ. ತಿರುಗಿ ಇನ್ನೊಂದು ಸಲ ಹೇಳಲು ನಾನು ತಯಾರು. ಅದಕ್ಕೆ ಮೊದಲು ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.